ಫ್ಯಾಟ್ ಅಳೆಯುವ ಯಂತ್ರ ಯಾವುದೇ ಬರಲಿ, ಲೆಕ್ಕ ನಮ್ಮ ಕಣ್ಣೆದುರಿಗಿರಲಿ



ಫ್ಯಾಟ್ ಕಡಿಮೆ ಬಂದರೆ ನಾವು ಹಸುವನ್ನು ದೂರುತ್ತೇವೆ, ಮೇವನ್ನು ದೂರುತ್ತೇವೆ. ಯಂತ್ರ ಸರಿಯಾಗಿದೆಯೇ ಎಂದು ಕೇಳುವುದಿಲ್ಲ. ದಿನಕ್ಕೆ 10 ಲೀಟರ್ ಹಾಕುವ ಮನೆಯ ಹಾಲಿನಲ್ಲಿ 4.0 ಇರುವ ಫ್ಯಾಟನ್ನು ಯಂತ್ರ 3.7 ಎಂದು ತೋರಿಸಿತೆನ್ನಿ. ದಿನಕ್ಕೆ ಸುಮಾರು 30 ಗ್ರಾಂ, ತಿಂಗಳಿಗೆ ಸುಮಾರು 900 ಗ್ರಾಂ ಜಿಡ್ಡು ಲೆಕ್ಕಕ್ಕೆ ಸಿಗದೆ ಹೋಯಿತು. ಹೆಚ್ಚು ಕಡಿಮೆ ಒಂದು ಕೆ.ಜಿ. ತುಪ್ಪ!

ಹಾಗೆಂದು ಯಂತ್ರ ಬೇಡ ಎನ್ನುವಂತಿಲ್ಲ. ಗರ್ಬರ್ ಪರೀಕ್ಷೆಗೆ ಆಸಿಡ್ ಬೇಕು, ಸಮಯ ಬೇಕು. ಅನೇಕ ಸಂಘಗಳಲ್ಲಿ ಈಗಿರುವ ಯಂತ್ರ, ಕಿವಿಗೆ ಕೇಳದ ಶಬ್ದವನ್ನು ಹಾಲಿನೊಳಗೆ ಹಾಯಿಸಿ ಫ್ಯಾಟ್, ಎಸ್‌ಎನ್‌ಎಫ್ ಹೇಳುತ್ತದೆ. ದೊಡ್ಡ ಡೈರಿಗಳ ಪ್ರಯೋಗಾಲಯಗಳಲ್ಲಿ ಅತಿಗೆಂಪು ಬೆಳಕಿನಿಂದ ಅಳೆಯುವ ಯಂತ್ರಗಳಿವೆ, ಆದರೆ ಬಲು ದುಬಾರಿ. ಬೆಳಕಿನಿಂದ ಅಳೆಯುವ ಈ ಕೆಲಸವನ್ನು ಅಂಗೈಯಗಲದ ಪೆಟ್ಟಿಗೆಗೆ ಇಳಿಸುವ ದಾರಿಯೊಂದು ಈಗ ತೆರೆದಿದೆ. ಅದು ಕನ್ನಡಿ ಚಿಪ್.

ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಇದನ್ನು ಕಂಡುಹಿಡಿದರು. ಸಿನಿಮಾ ಪ್ರೊಜೆಕ್ಟರ್‌ಗಳಲ್ಲಿ ಇರುವುದೂ ಇದೇ ಚಿಪ್. ಇದರ ಮೇಲೆ ಕೂದಲೆಳೆಗಿಂತ ಸಣ್ಣ ಕನ್ನಡಿಗಳು ಲಕ್ಷಗಟ್ಟಲೆ ಇರುತ್ತವೆ. ಹಾಲನ್ನು ಹಾಯ್ದು ಬಂದ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿ ಇವುಗಳ ಮೇಲೆ ಹರಡುತ್ತಾರೆ. ಒಂದೊಂದು ಸಾಲಿನ ಮೇಲೆ ಒಂದೊಂದು ಬಗೆಯ ಬೆಳಕು ಬೀಳುತ್ತದೆ.

ವಾಣಿವಿಲಾಸ ಸಾಗರದ ನಾಲೆಯ ತೂಬು ನೆನೆಸಿಕೊಳ್ಳಿ. ಎತ್ತಿದ ತೂಬಿನಲ್ಲಿ ನೀರು ಹರಿಯುತ್ತದೆ, ಮುಚ್ಚಿದ್ದರಲ್ಲಿ ಇಲ್ಲ. ಹಾಗೆಯೇ ಕನ್ನಡಿ ಒಂದು ಕಡೆ ವಾಲಿದರೆ ಬೆಳಕು ಅಳೆಯುವ ಕಣ್ಣಿಗೆ ಹೋಗುತ್ತದೆ, ಇನ್ನೊಂದು ಕಡೆ ವಾಲಿದರೆ ಆಚೆ ಹೋಗುತ್ತದೆ. ಜಿಡ್ಡು, ಪ್ರೋಟೀನು, ನೀರು ತಮಗೊಗ್ಗುವ ಬೆಳಕನ್ನು ನುಂಗುತ್ತವೆ. ಯಾವ ಬೆಳಕು ಎಷ್ಟು ಕಡಿಮೆಯಾಗಿದೆ ಎಂಬುದರಿಂದ ಯಂತ್ರ ಲೆಕ್ಕ ಹಾಕುತ್ತದೆ. ಯಾವ ಸಾಲು ತೆರೆಯಬೇಕೆಂದು ಹೇಳುವುದು ಕಂಪ್ಯೂಟರ್ ಪ್ರೋಗ್ರಾಂ. ಅಳೆಯುವ ಕಣ್ಣು ಒಂದೇ ಸಾಕು, ಹಾಗಾಗಿ ಖರ್ಚು ಕಡಿಮೆ. ಪ್ರೋಗ್ರಾಂ ಬದಲಿಸಿ ಅದೇ ಯಂತ್ರಕ್ಕೆ ಹೊಸ ಪರೀಕ್ಷೆಯನ್ನೂ ಕಲಿಸಬಹುದು.

ನಾವು ಎಚ್ಚರವಾಗಿರಬೇಕಾದದ್ದು ಇಲ್ಲೇ. ಈ ಯಂತ್ರ ಜಿಡ್ಡನ್ನು ನೇರವಾಗಿ ತೂಗುವುದಿಲ್ಲ. ಮೊದಲೇ ಕಲಿಸಿಟ್ಟ ಹಾಲಿನ ಮಾದರಿಗಳಿಗೆ ಹೋಲಿಸಿ ಹೇಳುತ್ತದೆ. ಎಲ್ಲಿಯೋ ಬೇರೆ ಮೇವು ತಿಂದ ಬೇರೆ ತಳಿಯ ಹಾಲಿನಲ್ಲಿ ಕಲಿತ ಯಂತ್ರ ಜವನಗೊಂಡನಹಳ್ಳಿಯ ಹಾಲಿಗೆ ತಪ್ಪು ಅಂಕಿ ಕೊಡಬಹುದು.

ಆದ್ದರಿಂದ ಇಂಥ ಯಂತ್ರ ಸಂಘಕ್ಕೆ ಬರುವ ದಿನ ಮೂರು ಮಾತು ಕೇಳೋಣ. ಒಂದು, ನಮ್ಮ ಎಚ್‌ಎಫ್, ಜರ್ಸಿ, ಎಮ್ಮೆ ಹಾಲನ್ನೇ ಬೇಸಿಗೆಯಲ್ಲೂ ಮಳೆಗಾಲದಲ್ಲೂ ಗರ್ಬರ್ ಪರೀಕ್ಷೆಯೊಂದಿಗೆ ತಾಳೆ ನೋಡಿ ಯಂತ್ರವನ್ನು ಹೊಂದಿಸಬೇಕು. ಎರಡು, ಪ್ರೋಗ್ರಾಂ ಬದಲಿಸಿದಾಗಲೆಲ್ಲ ಯಾರು, ಯಾವತ್ತು, ಏಕೆ ಬದಲಿಸಿದರೆಂದು ಸಂಘದ ಪುಸ್ತಕದಲ್ಲಿ ಬರೆಯಬೇಕು. ಮೂರು, ಅಂಕಿ ತೋರಿಸುವ ಪರದೆ ಹಾಲು ಹಾಕುವವರ ಕಡೆಗಿರಬೇಕು. ಅನುಮಾನ ಬಂದರೆ ನಮ್ಮೆದುರೇ ಗರ್ಬರ್ ಪರೀಕ್ಷೆ ಮಾಡಿಸಬೇಕು.

ಈಗಿರುವ ಯಂತ್ರಕ್ಕೂ ಈ ಮಾತುಗಳು ಸಲ್ಲುತ್ತವೆ. ಹಾಲು ಕರೆಯುವವರು ನಾವು, ಸಭೆಗೆ ಹೋಗುವವರು ಗಂಡಸರು ಎಂಬ ರೂಢಿ ಬಿಡೋಣ. ಸದಸ್ಯತ್ವ ನಿಮ್ಮ ಹೆಸರಿನಲ್ಲಿದ್ದರೆ ಮಾತೂ ನಿಮ್ಮದೇ. ಮುಂದಿನ ಸರ್ವಸದಸ್ಯರ ಸಭೆಗೆ ಬಟವಾಡೆ ಚೀಟಿ ಹಿಡಿದುಕೊಂಡೇ ಹೋಗಿ. ಯಂತ್ರವನ್ನು ಕಡೆಯ ಬಾರಿ ತಾಳೆ ನೋಡಿದ್ದು ಯಾವಾಗ ಎಂದು ಕೇಳಿ.