ಮನುಷ್ಯರನ್ನು ‘ತರಿಸೋದು’ ಹೇಗೆ?

ಕನ್ನಡದಲ್ಲಿ ಸಾಮಾನು ತರುತ್ತೇವೆ, ಮನುಷ್ಯರನ್ನು ಕರೆದುಕೊಂಡು ಬರುತ್ತೇವೆ. ಆದರೆ ಇಲ್ಲಿ ಮನಾಮಾದಲ್ಲಿ ದೊಡ್ಡವರು ಕೆಲವರು “ಊರಿಂದ ಒಂದು ಮೇಡ್ ತರಿಸಿದ್ವಿ, ಹಳೇದು ಸರಿ ಇರ್ಲಿಲ್ಲ” ಅಂತಾರೆ. ಫ್ರಿಜ್ ಬಗ್ಗೆ ಹೇಳೋ ಹಾಗೇ ಇದೆ ಅಲ್ವಾ?

ಬರೀ ಮಾತು ತಾನೇ ಅನ್ನಬೇಡಿ. ವ್ಯಾಕರಣದಲ್ಲಿ ಕೆಲಸ ಮಾಡುವವರು ಕರ್ತೃ. ಆದರೆ ಮನೆಗೆಲಸದವರ ವೀಸಾ ಇರುವುದು ಮಾಲೀಕರ ಹೆಸರಲ್ಲಿ. ಪಾಸ್‌ಪೋರ್ಟನ್ನೂ ಮಾಲೀಕರೇ ಇಟ್ಟುಕೊಂಡರೆ ಆ ಕರ್ತೃ ಕರ್ಮವಾಗಿಬಿಡುತ್ತಾರೆ. ಅವರನ್ನು ಕರೆಸುತ್ತಾರೆ, ಅವರನ್ನು ಕಳಿಸುತ್ತಾರೆ. “ಆಗಲ್ಲ” ಅನ್ನುವ ಧೈರ್ಯ ಅವರಿಗೆ ಎಲ್ಲಿಂದ ಬರಬೇಕು?

ಪಾಸ್‌ಪೋರ್ಟ್ ತಮ್ಮ ಹತ್ತಿರವೇ ಇಟ್ಟುಕೊಳ್ಳುವ ಹಕ್ಕು ಮನೆಗೆಲಸದವರಿಗಿದೆ, ವಾರಕ್ಕೆ ಕನಿಷ್ಠ 24 ಗಂಟೆ ಸತತ ಬಿಡುವು ಬೇಕು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರ ತನ್ನ 189ನೇ ಒಪ್ಪಂದದಲ್ಲಿ ಹೇಳಿದೆ. ಭಾರತವಾಗಲಿ ಬಹ್ರೈನ್ ಆಗಲಿ ಇನ್ನೂ ಅದನ್ನು ಅಂಗೀಕರಿಸಿಲ್ಲ. ಆದರೆ ನಮ್ಮ ಮನೆಯಲ್ಲಿ ಪಾಲಿಸೋಕೆ ಯಾರ ಅಪ್ಪಣೆ ಬೇಕು?

ಅಪ್ಪ ಅಮ್ಮಂದಿರೇ, ಪಾಸ್‌ಪೋರ್ಟ್ ಅವರ ಕೈಗೇ ಕೊಡಿ, ವಾರಕ್ಕೊಂದು ದಿನ ರಜೆ ಕೊಡಿ. ಮಕ್ಕಳಾದ ನಾವು ಅವರ ಹೆಸರು ಕೇಳಿ, ಜೊತೆಗೆ ‘ಅಕ್ಕ’ ಸೇರಿಸಿ ಕರೆಯೋಣ. ನೀರು ಬೇಕಾದರೆ ನಾವೇ ಎದ್ದು ತಗೊಳ್ಳೋಣ.