ತೆನೆಹಬ್ಬದ ಊಟ ಒಂದೇ ದಿನಕ್ಕೆ ಏಕೆ?



ಈ ಸಂಚಿಕೆ ನಿಮ್ಮ ಕೈಸೇರುವಾಗ ಆಟಿ ತಿಂಗಳ ಮಳೆ ಹಿಡಿದಿರುತ್ತದೆ. ಇನ್ನು ಕೆಲವೇ ವಾರಗಳಲ್ಲಿ, ಆಗಸ್ಟ್ 30ಕ್ಕೆ ನೊವೇನ ಆರಂಭ. ಸೆಪ್ಟೆಂಬರ್ 8ಕ್ಕೆ ಕನ್ಯಾಮರಿಯಮ್ಮನವರ ಜನ್ಮದಿನ, ನಮ್ಮ ತೆನೆಹಬ್ಬ. ಆ ದಿನ ಮೀನು ಮಾಂಸದ ಮಾತಿಲ್ಲ. ಬಾಳೆಲೆಯ ಮೇಲೆ ಐದೋ ಏಳೋ ಒಂಬತ್ತೋ, ಬೆಸಸಂಖ್ಯೆಯ ತರಕಾರಿ ಪದಾರ್ಥಗಳು: ಹರಿವೆ ದಂಟು, ಬೆಂಡೆ, ಹೀರೆ, ಅಲಸಂಡೆ, ಅಮಟೆಕಾಯಿ ಸೇರಿಸಿದ ಹಾಗಲ, ಪತ್ರೊಡೆ. ನಮ್ಮ ಹಿರಿಯರು ಈ ಪಟ್ಟಿಯನ್ನು ಯಾವ ಪುಸ್ತಕ ನೋಡಿಯೂ ಮಾಡಲಿಲ್ಲ. ಮಳೆಗಾಲದ ಕೊನೆಗೆ ಹಿತ್ತಿಲಲ್ಲಿ ಏನಿತ್ತೋ ಅದನ್ನೇ ದೇವರಿಗೆ ತೋರಿಸಿ ಉಂಡರು.

ಮರುದಿನ, ಸೆಪ್ಟೆಂಬರ್ 9ಕ್ಕೆ ನಮ್ಮ ಅಡಿಗೆಮನೆಗಳಲ್ಲಿ ಏನಿರುತ್ತದೆ?

ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವಾಗ ನಾವು ಅನೇಕ ಮನೆಗಳಲ್ಲಿ ಕಾಣುವುದಿದು. ಮೇಜಿನ ಒಂದು ಕಡೆ ಸಕ್ಕರೆ ಕಾಯಿಲೆಯ ಮಾತ್ರೆಗಳ ಡಬ್ಬ, ಇನ್ನೊಂದು ಕಡೆ ಬೇಕರಿಯ ಬ್ರೆಡ್ಡು, ರಸ್ಕು. ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಮನೆಯಲ್ಲಿ ಉಳಿದವರು ಇಬ್ಬರು ವೃದ್ಧರು. "ನಮ್ಮಿಬ್ಬರಿಗಾಗಿ ಎಂತ ಅಡಿಗೆ ಮಾಡುವುದು ಫಾದರ್?" ಎನ್ನುತ್ತಾರೆ. ಬೆಳಿಗ್ಗೆ ಚಹಾಕ್ಕೆ ರಸ್ಕು ಅದ್ದಿ ತಿಂದರೆ ಆಯಿತು, ರಾತ್ರಿಗೂ ಅದೇ. ಇಂತಹವರಿಗೆ ಒಂಬತ್ತು ಬಗೆ ಮಾಡಿರೆಂದು ಹೇಳಲು ನಮಗೆ ಮನಸ್ಸಿಲ್ಲ. ಒಂದು ಪಾತ್ರೆಯ ಊಟ ಸಾಕು. ಒಂದು ಹಿಡಿ ಹೆಸರುಕಾಳನ್ನು ಕುಚ್ಚಲಕ್ಕಿಯ ಜೊತೆಗೇ ಬೇಯಿಸಿ ಗಂಜಿ ಮಾಡಿ, ಮೇಲೆ ಸ್ವಲ್ಪ ತೆಂಗಿನ ತುರಿ ಹಾಕಿ, ಬದಿಗೆ ಒಂದು ಸೊಪ್ಪಿನ ಪಲ್ಯ ಇಟ್ಟುಕೊಳ್ಳಿ. ಮಲಯಾಳ ಮಾತಾಡುವ ನಮ್ಮ ನೆರೆಮನೆಯವರ ಕಂಞಿ-ಪಯರ್ ಇದೇ ಅಲ್ಲವೇ? ಅಕ್ಕಿಯಲ್ಲಿ ಕೊರತೆಯಿರುವ ಪ್ರೋಟೀನಿನ ಅಂಶವನ್ನು ಕಾಳು ತುಂಬಿಸುತ್ತದೆ, ಕಾಳಿನ ಕೊರತೆಯನ್ನು ಅಕ್ಕಿ ತುಂಬಿಸುತ್ತದೆ. ಭತ್ತವನ್ನು ಕುಚ್ಚಿದಾಗ ತವಡಿನ ಬಿ ವಿಟಮಿನ್ ಒಳಗಿನ ಕಾಳಿಗೆ ಇಳಿಯುತ್ತದೆ. ಕೆಂಪು ತವಡು ಪೂರ್ತಿ ಹೋಗದ ಅಕ್ಕಿಯಲ್ಲಿ ನಾರೂ ಇರುತ್ತದೆ. ಆದರೆ ಕುಚ್ಚಲಕ್ಕಿ ಎಂಬ ಹೆಸರಿನಲ್ಲಿ ಎರಡು ಬಟ್ಟಲು ಹೆಚ್ಚು ಉಂಡರೆ ಶುಗರ್ ಏರದೇ ಇರುವುದಿಲ್ಲ. ಗಂಜಿ ಕಡಿಮೆಯಿರಲಿ, ಕಾಳು ಮತ್ತು ಪಲ್ಯ ಹೆಚ್ಚಿರಲಿ. ಸೊಪ್ಪು ತಿಂದೆವೆಂದು ವೈದ್ಯರು ಕೊಟ್ಟ ಮಾತ್ರೆಯನ್ನು ಮಾತ್ರ ಬಿಡಬೇಡಿ.

ಈಗ ಸೊಪ್ಪಿಗೆ ಬರಗಾಲವಿಲ್ಲ. ಮೊದಲ ಮಳೆಗೇ ಎದ್ದ ತಗತೆ ಅಂಗಳದ ಬದಿಯಲ್ಲಿದೆ. ಎಳೆಯ ಚಿಗುರನ್ನು ಮಾತ್ರ ಕೊಯ್ದು, ಹೆಚ್ಚಿ, ಜಜ್ಜಿ ಬೇಯಿಸಿದ ಹಲಸಿನ ಬೀಜದೊಂದಿಗೆ ತೆಂಗಿನಕಾಯಿ ಹಾಕಿ ಪಲ್ಯ ಮಾಡಿದರೆ ಅದಕ್ಕೆ ಸಮಾನವಾದುದು ಪೇಟೆಯ ಕಾಲಿಫ್ಲವರಿನಲ್ಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಬೀಜವನ್ನು ಕೆಮ್ಮಣ್ಣು ಮೆತ್ತಿ ಇಟ್ಟುಕೊಂಡ ಅಜ್ಜಿಯಂದಿರು ಇನ್ನೂ ಕೆಲವರಿದ್ದಾರೆ, ಕೇಳಿ ಕಲಿಯಿರಿ. ಆದರೆ ಕಳೆನಾಶಕ ಬಿಟ್ಟ ತೋಟದ ಬದಿಯ ಸೊಪ್ಪನ್ನು ಮುಟ್ಟಬೇಡಿ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದುದನ್ನು ಕಂಡ ಕಾಸರಗೋಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ದೇಶದಲ್ಲಿ ಅದಕ್ಕೆ ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ.

ಕೆಸುವಿನ ಎಲೆಗೆ ಹುಳಿ ಬೇಕೇ ಬೇಕು, ಚೆನ್ನಾಗಿ ಬೇಯಲೂ ಬೇಕು. ಇಲ್ಲದಿದ್ದರೆ ಗಂಟಲು ತುರಿಸುತ್ತದೆ. ಮೂತ್ರಪಿಂಡದಲ್ಲಿ ಕಲ್ಲಿದ್ದವರು ಪತ್ರೊಡೆಯನ್ನು ರುಚಿ ನೋಡುವಷ್ಟಕ್ಕೆ ನಿಲ್ಲಿಸುವುದು ಒಳ್ಳೆಯದು. ಕಣಿಲೆಯನ್ನು ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿ ಹಾಕಿ, ದಿನವೂ ನೀರು ಬದಲಿಸಿ, ಆಮೇಲೆ ಬೇಯಿಸಬೇಕು. ಹಸಿ ಕಣಿಲೆಯಲ್ಲಿ ವಿಷದ ಅಂಶವಿದೆ, ಆತುರ ಬೇಡ. ಅದಕ್ಕೆ ಮೊಳಕೆ ಬರಿಸಿದ ಹೆಸರುಕಾಳೋ ಹುರುಳಿಯೋ ಜೊತೆಯಾಗುತ್ತದೆ. ಭರಣಿಯ ಉಪ್ಪುಸೊಳೆ ತೆಗೆದರೆ ಹಿಂದಿನ ರಾತ್ರಿಯೇ ನೀರಿಗೆ ಹಾಕಿ ಉಪ್ಪು ಬಿಡಿಸಿ. ರಕ್ತದೊತ್ತಡದವರು ಇಲ್ಲದ ಮನೆ ಈಗ ಅಪರೂಪ.

ಇನ್ನು ನಮ್ಮ ಅಮ್ಮಂದಿರು ಮತ್ತು ಹೆಣ್ಣುಮಕ್ಕಳ ವಿಷಯ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳ ಬಟ್ಟಲಿಗೆ ಪಲ್ಯದ ತಳ ಮಾತ್ರ ಬರುತ್ತದೆ. ರಕ್ತಹೀನತೆಯ ಮಾತ್ರೆ ನುಂಗುವವಳೂ ಅವಳೇ. ಸೊಪ್ಪನ್ನು ಮೊದಲು ಅವಳ ಬಟ್ಟಲಿಗೆ ಹಾಕಿ. ಅದರ ಕಬ್ಬಿಣಾಂಶ ಮೈಗೆ ಹತ್ತಲು ಒಲೆಯಿಂದ ಇಳಿಸಿದ ಮೇಲೆ ಲಿಂಬೆಹುಳಿ ಹಿಂಡಿ. ಊಟವಾದ ಕೂಡಲೇ ಚಹಾ ಕುಡಿದರೆ ಆ ಲಾಭ ಕಡಿಮೆಯಾಗುತ್ತದೆ, ಒಂದು ಗಂಟೆ ತಡೆಯಿರಿ. ಸೊಪ್ಪು ಬಿಡಿಸುವುದು ಹೊತ್ತು ತಿನ್ನುವ ಕೆಲಸ ಎಂಬ ದೂರು ಸರಿಯೇ. ಜಪಸರ ಮುಗಿಸಿ ಟಿ.ವಿ. ಮುಂದೆ ಕುಳಿತ ಗಂಡಸರಿಗೂ ಎರಡು ಕೈಗಳಿವೆಯಲ್ಲ!

ಧರ್ಮಗುರುಗಳು ಮನೆಗೆ ಬಂದರೆಂದು ಬೇಕರಿಗೆ ಮಕ್ಕಳನ್ನು ಓಡಿಸುವುದನ್ನೂ ನಿಲ್ಲಿಸಿ. ನಮಗೆ ಗಂಜಿ ಸಾಕು, ತಗತೆ ಪಲ್ಯವಿದ್ದರೆ ಇನ್ನೂ ಹತ್ತು ನಿಮಿಷ ಕುಳಿತೇವು.

ತೆನೆಹಬ್ಬಕ್ಕೆ ಪೇಟೆಯ ಹರಿವೆ ಬೇಡವೆನ್ನುವವರು ಆಗಸ್ಟ್ ಮೊದಲ ವಾರದೊಳಗೆ ಬೀಜ ಹಾಕಬೇಕು. ಸುಮಾರು ಒಂದು ತಿಂಗಳಿಗೆ ಎಳೆಯ ಸೊಪ್ಪು ಕೊಯ್ಯಲು ಸಿಗುತ್ತದೆ. ದಂಟು ಬಲಿಯಲು ಇನ್ನೂ ಕೆಲವು ವಾರ ಬೇಕು. ಈ ಮಳೆಗೆ ಬಯಲಿನಲ್ಲಿ ಬಿತ್ತಿದರೆ ಬೀಜ ತೋಡು ಸೇರುತ್ತದೆ. ಹಳೆಯ ಗೋಣಿಚೀಲಕ್ಕೆ ಮಣ್ಣು, ಹಟ್ಟಿಗೊಬ್ಬರ ತುಂಬಿ ಮಾಡಿನ ಅಂಚಿನಲ್ಲಿ ಇಟ್ಟು ಬಿತ್ತಿ, ಸಸಿ ನಾಲ್ಕು ಎಲೆ ಬಿಟ್ಟ ಮೇಲೆ ಹೊರಗೆ ಬಿಸಿಲಿಗೆ ಸರಿಸಿ.