ಹೊಸೂರು ರಸ್ತೆಯ ಆ ಎರಡು ದಿನಗಳು

2016ರ ಏಪ್ರಿಲ್ 18ರಂದು ಬೊಮ್ಮನಹಳ್ಳಿಯ ಸುತ್ತ ಆರಂಭವಾದ ಸಿದ್ಧ ಉಡುಪು ಕಾರ್ಮಿಕರ ಪ್ರತಿಭಟನೆ ಮರುದಿನ ಪೀಣ್ಯ, ಜಾಲಹಳ್ಳಿ ಕ್ರಾಸ್‌ಗೂ ಹಬ್ಬಿತು. ಬಸ್ಸುಗಳು ಸುಟ್ಟವು, ಹೆಬ್ಬಗೋಡಿ ಠಾಣೆಯಲ್ಲಿ ವಾಹನಗಳಿಗೆ ಬೆಂಕಿ ಬಿತ್ತು, ಲಾಠಿ ಪ್ರಹಾರವೂ ನಡೆಯಿತು. ಉದ್ಯಮಿಗಳಾದ ನಮ್ಮಲ್ಲಿ ಆ ದಿನಗಳ ಮಾತು ಬಂದರೆ ನಿಂತುಹೋದ ಲಾರಿಗಳ ಲೆಕ್ಕವೇ ಮೊದಲು ಬರುತ್ತದೆ. ಬೀದಿಗಿಳಿದ ಸಾವಿರಾರು ಮಹಿಳೆಯರ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಅವರ ಲೆಕ್ಕ ಸರಳವಾಗಿತ್ತು. ಆ ವರ್ಷದ ಫೆಬ್ರವರಿಯ ಅಧಿಸೂಚನೆಯಂತೆ ಭವಿಷ್ಯನಿಧಿಯಲ್ಲಿನ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ಹಿಂಪಡೆಯುವಂತಿರಲಿಲ್ಲ. ಹೊಲಿಗೆ ಯಂತ್ರದ ಮುಂದೆ 58ರವರೆಗೆ ಕುಳಿತವರನ್ನು ನಮ್ಮಲ್ಲಿ ಎಷ್ಟು ಮಂದಿ ಕಂಡಿದ್ದೇವೆ? ಕೆಲಸ ಬಿಟ್ಟಾಗ ಕೈಸೇರುವ ಆ ಹಣ ಮಕ್ಕಳ ಶುಲ್ಕಕ್ಕೆ, ಸಾಲ ತೀರಿಸಲು ಮೀಸಲಾದದ್ದು. ಕಾರ್ಮಿಕ ಸಂಘಗಳ ಕರೆಯಿಲ್ಲದೆಯೇ ಜನ ಹೊರಬಂದರು. 19ರಂದೇ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆ ರದ್ದಾಗುವುದೆಂದು ಪ್ರಕಟಿಸಿದರು.

ಅರಬ್ ದೇಶಗಳ ಜನಾಂದೋಲನಗಳನ್ನು ನಾವು ದೂರದರ್ಶನದಲ್ಲಿ ನೋಡಿ ಪರರ ಸಂಗತಿಯೆಂದು ಬಗೆದೆವು. ಆದರೆ ಈಜಿಪ್ಟಿನ ಮಹಲ್ಲಾ ನಗರದ ಜವಳಿ ಕಾರ್ಮಿಕರು 2006ರಲ್ಲಿ ಮುಷ್ಕರ ಹೂಡಿದ್ದು ಬೋನಸ್ಸಿಗಾಗಿ. ಅಲ್ಲಿಯೂ ಮುಂದೆ ನಡೆದವರು ಮಹಿಳೆಯರು. 2010ರ ಡಿಸೆಂಬರ್ 17ರಂದು ಟುನೀಶಿಯಾದಲ್ಲಿ ಬೆಂಕಿ ಹಚ್ಚಿಕೊಂಡ ಮಹಮದ್ ಬುವಜೀಜಿ ತಳ್ಳುಗಾಡಿಯ ವ್ಯಾಪಾರಿ. ಅಧಿಕಾರಿಗಳು ಅವನ ಸರಕು ವಶಪಡಿಸಿಕೊಂಡಿದ್ದರು, ದೂರು ಕೇಳುವವರಿರಲಿಲ್ಲ. ಒಂದು ತಿಂಗಳೊಳಗೆ ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟು ಓಡಿದರು. ನಮ್ಮದು ಚುನಾವಣೆಗಳಿರುವ ದೇಶ, ಹೋಲಿಕೆಗೆ ಮಿತಿಯಿದೆ. ಆದರೂ ಕೇಳುವವರಿಲ್ಲದ ದೂರು ರಸ್ತೆಗೆ ಬರುವ ಬಗೆ ಎರಡೂ ಕಡೆ ಒಂದೇ.

ಇದನ್ನು ಈಗ ಬರೆಯಲು ಕಾರಣವಿದೆ. 2025ರ ಅಕ್ಟೋಬರ್‌ನಲ್ಲಿ ಭವಿಷ್ಯನಿಧಿ ಮಂಡಳಿಯು ಪೂರ್ಣ ಹಿಂಪಡೆತಕ್ಕೆ ಕಾಯುವ ಅವಧಿಯನ್ನು 2 ತಿಂಗಳಿಂದ 12 ತಿಂಗಳಿಗೆ ಏರಿಸಲು, ಶೇ. 25ರಷ್ಟು ಶಿಲ್ಕನ್ನು ಖಾತೆಯಲ್ಲಿಯೇ ಉಳಿಸಲು ತೀರ್ಮಾನಿಸಿತು. ಉಳಿದ ಶೇ. 75ನ್ನು ಕೂಡಲೇ ಪಡೆಯಬಹುದೆಂಬ ಮಾತು ಕಾರ್ಖಾನೆಯ ಬಾಗಿಲಿಗೆ ತಲುಪುವ ಮೊದಲೇ ವದಂತಿ ತಲುಪೀತು. ಕೈಗಾರಿಕಾ ಸಂಬಂಧಗಳ ಸಂಹಿತೆ 20 ಕಾರ್ಮಿಕರಿರುವ ಘಟಕಕ್ಕೂ ಕುಂದುಕೊರತೆ ಪರಿಹಾರ ಸಮಿತಿಯನ್ನು ವಿಧಿಸುತ್ತದೆ. ಸಮಿತಿಯ ಪಟ್ಟಿ ಬರೆದು ಕಡತದಲ್ಲಿಡುವುದು ನಮಗೆ ರೂಢಿ. ತಿಂಗಳಿಗೊಮ್ಮೆ ಅದು ನಿಜವಾಗಿ ಸೇರಲಿ. ನಮ್ಮ ಸಂಸ್ಥೆಯೂ ಇಂಥ ಬದಲಾವಣೆಗಳನ್ನು ಒಂದೇ ಪುಟದಲ್ಲಿ, ಕನ್ನಡದಲ್ಲಿಯೂ ಹಿಂದಿ, ಒಡಿಯಾಗಳಲ್ಲಿಯೂ ಮುದ್ರಿಸಿ ಸದಸ್ಯ ಘಟಕಗಳಿಗೆ ಕಳುಹಿಸಲಿ. ಅದಕ್ಕೆ ತಗಲುವುದು ಕಾಗದದ ಖರ್ಚು ಮಾತ್ರ.